ಖಾಲಿ ಸರಳು

ಗ್ಡಾನ್ಸ್ಕ್ ಹಡಗುಕಟ್ಟೆಯ ಹಿಂದೊಂದು ನೆಲಮಾಳಿಗೆ ಜಿಮ್.
ಬೆಳಗಿನ ಆರೂಕಾಲು. ನಾನಲ್ಲಿ ನೆಲ ಒರೆಸುವವನು.

ಬೊಗುಮಿಲಾ ಬಂದಳು, ಅರವತ್ತೆಂಟರವಳು,
ಮಗನ ಹಳೇ ಟ್ರ್ಯಾಕ್ ಪ್ಯಾಂಟು, ಕೈಯಲ್ಲಿ ತರಕಾರಿ ಚೀಲ.
ಮೂವತ್ತು ವರ್ಷ ಕ್ರೇನಿನ ಗೂಡಲ್ಲಿ ಕೂತು
ಹಡಗುಗಳ ಬೆನ್ನೆಲುಬನ್ನೇ ಎತ್ತಿಟ್ಟವಳು
ತೂಕದ ಬಿಲ್ಲೆಯಿಲ್ಲದ ಬರೀ ಸರಳಿನ ಮುಂದೆ ನಿಂತು
ಸುತ್ತ ನೋಡಿದಳು, ಕದಿಯಲು ಬಂದವಳ ಹಾಗೆ.

ಯಾರೂ ನೋಡಲಿಲ್ಲ.
ನೋಡದೆ ಇರುವುದಕ್ಕೂ ಸಾಧನೆ ಬೇಕು,
ನನಗದು ಕೈಹತ್ತಲು ಎರಡು ಚಳಿಗಾಲ ಹಿಡಿಯಿತು.

ಸರಳು ಎದೆಮಟ್ಟಕ್ಕೆ ಬಂತು, ನಡುಗಿತು, ಅಲ್ಲೇ ನಿಂತಿತು.
ಪಕ್ಕದಲ್ಲಿ ವಿಟೋಲ್ಡ್, ಕುತ್ತಿಗೆಯೇ ಇಲ್ಲದ ಹುಡುಗ.
'ಹೀಗಲ್ಲಮ್ಮ' ಎಂಬ ಮಾತು
ಅವನ ತುಟಿಯವರೆಗೆ ಬಂದದ್ದು ಕಂಡೆ.
ನೀರು ಕುಡಿದು ನುಂಗಿಬಿಟ್ಟ.
ದಿನವೂ ಧಡಾರನೆ ಎಸೆಯುವ ಬಿಲ್ಲೆಗಳನ್ನು
ಮಗು ಮಲಗಿದ ಮನೆಯಲ್ಲಿ ಪಾತ್ರೆ ಜೋಡಿಸಿದಂತೆ
ಒಂದೊಂದೇ ಸ್ಟ್ಯಾಂಡಿಗೆ ಸೇರಿಸಿದ.

ಆಮೇಲೆ ಅವನದೇ ಕೊನೆಯ ಎತ್ತು.
ಮೊಣಕೈ ಅರ್ಧಕ್ಕೇ ಸಿಕ್ಕಿಕೊಂಡಿತು, ಮುಖ ಬೀಟ್‌ರೂಟು.
ಅವಳು ಹತ್ತಿರ ಹೋದಳು. ಮುಟ್ಟಲಿಲ್ಲ.
ತೋರುಬೆರಳನ್ನು ಆಕಾಶಕ್ಕೆ ಮಾಡಿ
ಕೈಯನ್ನು ಸಣ್ಣಗೆ ಸುತ್ತಿಸಿದಳು:
ಮೇಲೆ, ನಿಧಾನ.
ನೆಲದವರು ತನಗೆ ತೋರುತ್ತಿದ್ದ ಸನ್ನೆ.
ಅವನಿಗೆ ಅರ್ಥವಾಯಿತೋ ಇಲ್ಲವೋ,
ಸರಳು ಕೊಕ್ಕೆಗೆ ಸೇರಿತು.

ಇಬ್ಬರೂ ಮಾತಾಡಲಿಲ್ಲ. ನಾನು ಬಕೆಟ್ ಸರಿಸಿದೆ.

ಬೆವರಿನ ಬೆಂಚು ಒರೆಸದೆ ಹೊರಟನಲ್ಲ,
ಆಗ ನೋಡಿದಳು ನೋಡಿ ಬೊಗುಮಿಲಾ,
ಕ್ರೇನಿನ ಎತ್ತರದಿಂದ!
ಬಾಗಿಲವರೆಗೆ ಹೋದವನು
ಟವೆಲು ಹುಡುಕಿಕೊಂಡು ವಾಪಸು ಬಂದ.