ಒಂಟಿ ಮರ

ಡ್ರಾಯಿಂಗ್ ಪೀರಿಯಡ್ಡಿಗೆ ಗಾದ್ರಪ್ಪ ಮೇಷ್ಟ್ರು
ನಮ್ಮನ್ನು ಚಂದ್ರವಳ್ಳಿಯ ಬಂಡೆ ಹತ್ತಿಸಿ
"ತೋಳು ಚಾಚಿ, ಒಂದು ಕಣ್ಣು ಮುಚ್ಚಿ" ಎನ್ನುವರು.
ಬುರುಜಿನಿಂದ ಧವಳಪ್ಪನ ಗುಡ್ಡಕ್ಕೆ ನಾಲ್ಕು ಬೆರಳು,
ಜೋಗಿಮಟ್ಟಿಯ ನೆತ್ತಿ ಒಂದು ಮುಷ್ಟಿ ಎತ್ತರ,
ನಮ್ಮ ಹೆಂಚಿನ ಶಾಲೆ ಹೆಬ್ಬೆರಳ ಉಗುರೊಳಗೆ
ಮಗ್ಗಿಯ ಸಮೇತ ಮಾಯ.

ಅವರ ಎಡಗಿವಿ ಪೂರ್ತಿ, ಬಲಗಿವಿ ಅರ್ಧ
ಬರ್ಮಾದಲ್ಲೇ ಉಳಿದಿತ್ತು.
ಫಿರಂಗಿಗಳಿಗಿಂತ ಮುಂದೆ, ಎಲ್ಲರಿಗಿಂತ ಮುಂದೆ
ಹೊಟ್ಟೆಯ ಮೇಲೆ ತೆವಳಿ ಎದುರಿನ ಗುಡ್ಡ ಬರೆಯುವುದು
ಅವರ ಕೆಲಸವಾಗಿತ್ತಂತೆ.
ನೆರಳು ಹಾಕಕೂಡದು. ಮೋಡ ಬೇಡ.
ಮರಗಳಲ್ಲಿ ಮೂರೇ ಜಾತಿ: ಮೊನಚು, ಗುಂಡು, ತಾಳೆ.
ಗುರುತಿಗೊಂದು ಬಾಣದ ಗೆರೆ, ಗೆರೆಯ ತುದಿಗೆ ಗಜಗಳ ಲೆಕ್ಕ.
ಅಂದ ಕಂಡರೆ ಸಾಹೇಬ ಹರಿದುಹಾಕುತ್ತಿದ್ದ.

"ಮನುಷ್ಯರನ್ನ, ಸಾರ್?" ಕೂಗಿ ಕೇಳಿದವಳು
ಸೀತಾಫಲ ಮಾರುವ ಏಕನಾಥಮ್ಮನ ಮಗಳು ಸಣ್ಣಬೋರಿ.
"ಬರೆಯಂಗಿಲ್ಲ. ನಾಳೆ ಅವರು ಅಲ್ಲೇ ಇರ್ತಾರೇನು?"
ಸ್ವಲ್ಪ ತಡೆದು,
"ಒಂಟಿ ಮರ ಒಂದು ಬರೆದಿದ್ದೆ. ಗುಂಡುತಲೆ.
ಎರಡು ಬೆರಳು ಎಡಕ್ಕೆ ಗುಡಿಸಲು, ಒಲೆ ಹೊಗೆ ಏಳ್ತಿತ್ತು.
ಹೊಗೆ ಬಿಟ್ಟೆ, ನಿಯಮದಲ್ಲಿ ಇರಲಿಲ್ಲ.
ಬೆಳಗಾಗೋದ್ರೊಳಗೆ ನನ್ನ ಚಿತ್ರ ಸುಳ್ಳಾಯ್ತು."
ಊಟದ ಗಂಟೆ ಹೊಡೆಯಿತು. ನಮಗಷ್ಟೇ ಕೇಳಿಸಿತು.

ಅವರು ತೀರಿಕೊಂಡ ಮೂರನೆಯ ದಿನ
ಟ್ರಂಕಿನಲ್ಲಿ ಸಿಕ್ಕವು ದುರ್ಗದ ಚಿತ್ರಗಳು, ಮೂವತ್ತೆಂಟು,
ಒಂದೊಂದಕ್ಕೂ ಬಟರ್ ಪೇಪರಿನ ಮುಸುಕು.
ನಾನೀಗ ಸರ್ವೆ ಇಲಾಖೆಯವನು,
ಕಣ್ಣಿಗೆ ತಪ್ಪೇ ಮೊದಲು ಬೀಳುವುದು.
ಜೋಗಿಮಟ್ಟಿ ಸರಿದಿದೆ ಎಡಕ್ಕೆ ಮೂರು ಬೆರಳು.
ಸಂತೆಹೊಂಡ ಇರುವಲ್ಲಿ ಬರೀ ಜಾಲಿ.
ಮೇದೇಹಳ್ಳಿ ದಾರಿ ಗುಡ್ಡದ ಬೆನ್ನಿಗೆ ಹೋಗಿ
ಅಲ್ಲೇ ಮುಗಿದಿದೆ.
ಶಾಲೆಯೇ ಇಲ್ಲ. ಅವರ ಮನೆಯ ಮೇಲೊಂದು ಬಂಡೆ ಕೂತಿದೆ,
ದುರ್ಗದಲ್ಲಿ ಬಂಡೆಗೆ ಬರವೆ, ಯಾರು ಅನುಮಾನಿಸಿಯಾರು?
ಒಂಟಿ ಹುಣಸೆ ಇದ್ದ ಕಡೆಯೆಲ್ಲ
ಅಂಥದೇ ಇನ್ನೊಂದನ್ನು ಜತೆಗೆ ನಿಲ್ಲಿಸಿದ್ದಾರೆ.

"ಮಾವಯ್ಯನಿಗೆ ಕಣ್ಣು ಮಂಜಾಗಿತ್ತು ಬಿಡಿ" ಎಂದಳು ಸೊಸೆ.
ಗೆರೆ ನೋಡಿದೆ. ಒಂದೂ ನಡುಗಿರಲಿಲ್ಲ.

ಕಟ್ಟಿನ ತಳದಲ್ಲಿದ್ದ ಹಾಳೆಯಲ್ಲಿ ಮಾತ್ರ
ಬುಟ್ಟಿ ಹೊತ್ತ ಹೆಂಗಸೊಬ್ಬಳು
ಎಲ್ಲಿಯದೆಂದು ತಿಳಿಯದ ಗುಡ್ಡ ಇಳಿಯುತ್ತಿದ್ದಾಳೆ.
ಕಾಲಡಿ ನೆರಳೂ ಇದೆ.
ಬುಟ್ಟಿಯಿಂದ ಹೊರಟ ಬಾಣದ ಗೆರೆಯ ತುದಿಗೆ
ಗಜ ಇರಬೇಕಾದಲ್ಲಿ ಅವರ ಗುಂಡು ಅಕ್ಷರ:
ಸೀತಾಫಲ, ಡಜನ್ನಿಗೆ ನಾಲ್ಕಾಣೆ.