ಖಾಲಿ ಜಾಗವೂ ಸೇರಿ

ಅರ್ಜಿಯ ಮೂರನೆಯ ಪುಟ ಕೇಳುತ್ತದೆ:
ತಾಯಿಯ ಓದು?
ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ,
ಪಿಎಚ್‌ಡಿಯಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ.
ಇಳಿದೂ ಇಳಿದೂ ನನ್ನ ಬೆರಳು ಕೊನೆಯದರಲ್ಲಿ ನಿಂತಿತು.
ಅದರ ಕೆಳಗೆ ಇನ್ನೊಂದು ಇದ್ದಿದ್ದರೆ
ಅಮ್ಮನದು ಅದು.

ತಂದೆಯದು: ಅನ್ವಯಿಸುವುದಿಲ್ಲ.
ಹಾಗೆ ಒತ್ತಬಹುದೋ ಇಲ್ಲವೋ,
ಕೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?
ಫೀಸು ಮಾಫಿಗೆ ಅಮ್ಮನ ತೆರಿಗೆ ಕಾಗದ ಬೇಕಂತೆ.
ಅದೊಂದು ಸುಲಭ. ಹನ್ನೆರಡು ತುಂಬಿದಾಗಿನಿಂದ
ಅದನ್ನು ತುಂಬುತ್ತಿರುವವಳು ನಾನೇ.

ವೈದ್ಯರ ಬೆನ್ನಿಗೆ ನೆರಳಾಗಿ ನಿಂತ ಗಂಟೆಗಳೆಷ್ಟು?
ನನ್ನ ರೂಮಿನ ಬ್ರಿನ್‌ಗೆ ಒಮಾಹಾದಲ್ಲಿ ಹೃದಯತಜ್ಞ ಚಿಕ್ಕಪ್ಪ.
ಇನ್ನೂರ ಹತ್ತು ಗಂಟೆ, ಸಹಿ ಸಮೇತ.
ನನಗೆ ಒಂಬತ್ತನೆಯ ವಯಸ್ಸಿನಿಂದ
ಒಂದು ಕಡೆ ಅಮ್ಮನ ಕಂಜೋಬಾಲ್, ಇನ್ನೊಂದು ಕಡೆ ಡಾಕ್ಟರ ಇಂಗ್ಲಿಷು,
ನಡುವಿನ ಕುರ್ಚಿಯಲ್ಲಿ
ನೆಲ ಮುಟ್ಟದ ನನ್ನ ಕಾಲು.
ಅದಕ್ಕೆ ಸಹಿ ಹಾಕುವವರು ಯಾರು?

ಹನ್ನೊಂದರ ನವೆಂಬರ್. ಅಪ್ಪನ ಸ್ಕ್ಯಾನು.
ಡಾಕ್ಟರು ಎರಡು ಪದ ಹೇಳಿದರು.
ಮೊದಲನೆಯದು ಹೊಟ್ಟೆಯೊಳಗಿನ ಯಾವುದೋ ಅಂಗ,
ನಮ್ಮ ಮಾತಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ.
ಎರಡನೆಯದು ಗೊತ್ತಿತ್ತು.
ಅಪ್ಪ ಅಮ್ಮ ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು.
ನಾನು ಹೇಳಿದೆ: ಗುಳಿಗೆ ಬರೆದುಕೊಡುತ್ತಾರಂತೆ.

‘ಅದನ್ನೇ ಬರೆ’ ಎಂದರು ಹ್ಯಾಲ್ವರ್ಸನ್ ಮೇಡಂ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು.
‘ಚಿನ್ನದಂಥ ಕಥೆ. ಒಳಗೆ ಬಿಟ್ಟುಕೊಳ್ಳುತ್ತಾರೆ.’
ಬರೆದೆ.
ಅಪ್ಪನನ್ನು ತಕ್ಕಡಿಗೆ ಹಾಕಿದ ಹಾಗಾಯಿತು, ಅಳಿಸಿದೆ.
ಬರೆದೆ.
ಐದು ಸಾವಿರದ ಮುನ್ನೂರು ಅಕ್ಷರ ಮಿತಿ,
ಖಾಲಿ ಜಾಗವೂ ಸೇರಿ.

ರಾತ್ರಿ ಒಂದೂ ಮುಕ್ಕಾಲು. ರಾತ್ರಿ ಪಾಳಿ ಮುಗಿಸಿ ಅಮ್ಮ ಬಂದಳು,
ಮಾಂಸದ ಕಾರ್ಖಾನೆಯ ತಂಪು ಇನ್ನೂ ಅವಳ ಜಾಕೆಟ್ಟಿನಲ್ಲಿ.
ಸಿಂಕಿನಲ್ಲಿ ಬಿಸಿನೀರು ತುಂಬಿ ಕೈ ಮುಳುಗಿಸಿ
ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.
ಉಂಗುರದ ಬೆರಳು ಕೊನೆಗೆ, ಟಕ್ಕೆಂದು.
ಆ ಸ್ನಾಯುರಜ್ಜುವಿನ ಲ್ಯಾಟಿನ್ ಹೆಸರು ನನಗೀಗ ಬಾಯಿಪಾಠ.
ಹೆಸರಿಗೆ ಬೆರಳು ಬಿಚ್ಚುವುದಿಲ್ಲ.

‘ಮುಗಿಯಿತಾ, ಮಿಕಿನ್?’
‘ನಲವತ್ತು ಅಕ್ಷರ ಹೆಚ್ಚಾಗಿದೆ. ಕತ್ತರಿಸಬೇಕು.’
ಅಮ್ಮ ಪರದೆಯ ಕಡೆ ಬಾಗಿ ನೋಡಿದಳು,
ಓದುವವಳಂತಲ್ಲ, ಎದುರು ಬಂದ ತೊಡೆಯನ್ನು ನೋಡುವವಳಂತೆ.
‘ಬಲ ಹಾಕಬೇಡ.
ಕೀಲು ಎಲ್ಲಿದೆ ಅಂತ ಹೆಬ್ಬೆರಳಲ್ಲಿ ತಡಕು.
ಸಿಕ್ಕರೆ ಚಾಕು ತಾನೇ ಇಳಿಯುತ್ತೆ.
ಸಿಗದಿದ್ದರೆ ಕೈ ಹೋಗುತ್ತೆ, ನನ್ನ ಹಾಗೆ.’
ಟಾರ್ಟಿಯಾ ಬಿಸಿ ಮಾಡಿ, ನಿಂತೇ ತಿಂದು, ಮಲಗಿದಳು.

ಮತ್ತೆ ಮೊದಲಿಂದ ಎಣಿಸುತ್ತೇನೆ.
ಗುಳಿಗೆಯ ಆ ಸಾಲಿನ ಹಿಂದೆ
ಒಂದು ಖಾಲಿ ಜಾಗವಿದೆ.
ಅದನ್ನು ಮಾತ್ರ ತೆಗೆಯಲಾರೆ.
ಉಳಿದದ್ದರಲ್ಲಿ ಹುಡುಕಬೇಕು.