ಸಹಿಯ ಜಾಗ

ಪುನೋದ ಜಲ ಕಚೇರಿಯೆದುರು, ಫುಟ್‌ಪಾತಿನ ಮೇಲೆ ನನ್ನ ಟೈಪ್‌ರೈಟರು.
ಎಲ್ವಿರಾ ಚೋಕೆವಾಂಕಾ ಬಂದು ಶಾಲಿನ ಗಂಟು ಬಿಚ್ಚಿದಳು:
ಹನ್ನೊಂದು ನೋಟುಪುಸ್ತಕ. ಇಲಾವೆ ಹೊಳೆ
ಬೆಳಿಗ್ಗೆ ಆರಕ್ಕೆ ಎಷ್ಟು, ಸಂಜೆ ಆರಕ್ಕೆ ಎಷ್ಟು.

‘ಅನುಭವಕ್ಕೆ ಸೊನ್ನೆ ಕೊಟ್ಟಿದ್ದಾರೆ, ಬರಿ.
ಅಳೆದದ್ದೆಲ್ಲ ಗಂಡನಂತೆ. ಸಹಿ ಅವನದಂತೆ.
ಸೊಂಟ ಮುರಿದು ಮಲಗಿದವನು
ಮಂಚದಿಂದಲೇ ಹೊಳೆಗಿಳಿದನೆ?
ಗುತ್ತಿಗೆ ಸಿಕ್ಕ ಹುಡುಗ
ನಿನ್ನೆ ನನ್ನನ್ನೇ ಕೇಳಿದ,
ಅಳತೆಗೋಲು ಯಾವ ದಡದಲ್ಲಿದೆ ಅಮ್ಮಾ ಅಂತ.
ಅದನ್ನೂ ಬರಿ.’

ಬರೆದೆ. ಬೆರಳಿಗೆಲ್ಲ ರಿಬ್ಬನ್ನಿನ ಮಸಿ.
‘ಮರುಪರಿಶೀಲಿಸಬೇಕಾಗಿ ಸವಿನಯ...’
‘ಸವಿನಯ ಹೊಡೆದುಹಾಕು.’

ಹೊಡೆದುಹಾಕಿದೆ. ಕೆಳಗೊಂದು ಗೆರೆ ಎಳೆದು
ಇಲ್ಲಿ ಸಹಿ ಅನ್ನುವಷ್ಟರಲ್ಲಿ
ಗಡಿಯಾರ ನೋಡಿ ಎದ್ದೇಬಿಟ್ಟಳು.
ನಾಲ್ಕೂವರೆಯ ಬಸ್ಸು.
ಆರಕ್ಕೆ ಹೊಳೆ ಹತ್ತಿರ ಇರಬೇಕು.